ಇಂದಿನ ಚಿಂತನೆ: ಸ್ಪ್ರಿಂಗ್ ಒತ್ತಿದ ಕೈ ಯಾರದು?



ಕಳೆದ ವಾರ ಪುತ್ತೂರಿನ ನನ್ನ ಅಂಗಡಿಗೆ ಒಂದು ಹಳೆಯ ಏರ್ ಪಿಸ್ತೂಲು ರಿಪೇರಿಗೆ ಬಂತು. ನನ್ನದು ಅಡಿಕೆಗೆ ಮದ್ದು ಬಿಡುವ ಪಂಪುಗಳ ರಿಪೇರಿ. ಪಿಸ್ತೂಲು ತಂದವರು ನಮ್ಮ ಭಾನುವಾರದ ಅಧ್ಯಯನಕ್ಕೆ ಬರುವ ಹಿರಿಯರು, ನಾನು ಅಣ್ಣ ಎಂದು ಕರೆಯುವವರು. ಕಡಬದ ಕಡೆ ಒಂದು ತೋಟದಲ್ಲಿ ಅವರಿಗೆ ಕೆಲಸ. ಪಿಸ್ತೂಲು ತೋಟದ ಧನಿಗಳದ್ದು, ಅವರ ಅಜ್ಜನ ಕಾಲದ್ದು.

"ಎಂತಕ್ಕೆ ಅಣ್ಣ?" ಎಂದೆ.

"ಮಂಗನಿಗೆ ಹೊಡೆಯಲಿಕ್ಕೆ."

ಧನಿಗಳು ಹೇಳಿದ್ದು ಇಷ್ಟು: "ನಮಗೆ ಅದು ಹನುಮಂತ, ನಾವು ಕೈ ಮಾಡಲಿಕ್ಕಿಲ್ಲ. ನಿಮಗೆ ಈಗ ದೇವರು ಇಲ್ಲವಲ್ಲ, ನೀನು ಹೊಡಿ." ಅಣ್ಣ ಅದನ್ನು ನಗುತ್ತಲೇ ಹೇಳಿದರು. ಆಮೇಲೆ ಸ್ಟೂಲಿನಲ್ಲಿ ಕೂತು ಕೇಳಿದರು: "ತಮ್ಮಾ, ಹೇಳಿದ್ದು ಅವರು, ಕೊಟ್ಟದ್ದು ಅವರು. ನಾನು ಟ್ರಿಗರ್ ಒತ್ತುವುದು ಮಾತ್ರ. ಮಂಗ ಸತ್ತರೆ ಕೊಂದದ್ದು ಯಾರು?"

ಉತ್ತರ ಹೊಳೆಯಲಿಲ್ಲ. ಪಿಸ್ತೂಲು ಬಿಚ್ಚಿದೆ.

ಒಳಗೆ ಮದ್ದಿಲ್ಲ, ಬೆಂಕಿಯಿಲ್ಲ. ಒಂದು ಸಿಲಿಂಡರ್, ಅದರಲ್ಲಿ ಪಿಸ್ಟನ್, ಪಿಸ್ಟನ್ನಿನ ಹಿಂದೆ ದಪ್ಪ ಸ್ಪ್ರಿಂಗ್. ನಳಿಗೆಯನ್ನು ಬಗ್ಗಿಸಿದಾಗ ಒಳಗಿನ ಕಡ್ಡಿ ಪಿಸ್ಟನ್ನನ್ನು ಎಳೆದು ಸ್ಪ್ರಿಂಗನ್ನು ಅದುಮುತ್ತದೆ. ಒಂದು ಸಣ್ಣ ಕೊಕ್ಕೆ ಅದನ್ನು ಹಿಡಿದು ನಿಲ್ಲಿಸುತ್ತದೆ. ಟ್ರಿಗರ್ ಒತ್ತಿದರೆ ಕೊಕ್ಕೆ ಜಾರುತ್ತದೆ, ಪಿಸ್ಟನ್ ನುಗ್ಗುತ್ತದೆ, ಅದರ ಮುಂದಿನ ಗಾಳಿ ಕುಗ್ಗಿ ಬಿಸಿಯಾಗಿ ಸಣ್ಣ ತೂತಿನಿಂದ ನಳಿಗೆಗೆ ಹಾರಿ ಸೀಸದ ಗುಂಡನ್ನು ದೂಡುತ್ತದೆ. ಸ್ಪ್ರಿಂಗ್ ಗುಂಡನ್ನು ಮುಟ್ಟುವುದೇ ಇಲ್ಲ. ನಡುವೆ ಇರುವುದು ಗಾಳಿ ಮಾತ್ರ.

ಬರ್ಮಿಂಗ್‌ಹ್ಯಾಮಿನ ವೆಬ್ಲಿ ಆ್ಯಂಡ್ ಸ್ಕಾಟ್ ಕಂಪನಿ 1924ರಲ್ಲಿ ತಂದ ಪಿಸ್ತೂಲಿನಲ್ಲಿ ನಳಿಗೆ ಸಿಲಿಂಡರಿನ ಮೇಲೆ ಕೂತಿರುತ್ತದೆ. ಹಾಗಾಗಿ ಅದರಲ್ಲಿ ಪಿಸ್ಟನ್ ಓಡುವುದು ಗುರಿಯ ಕಡೆಗಲ್ಲ, ಹೊಡೆಯುವವನ ಕಡೆಗೆ. ಗಾಳಿ ಹಿಂದಿನಿಂದ ಮೇಲೇರಿ ನಳಿಗೆ ಸೇರುತ್ತದೆ. ಜಾಗ ಉಳಿಸುವ ಉಪಾಯ ಅದು, ಬೇರೆ ಅರ್ಥ ಹಚ್ಚುವುದು ಬೇಡ.

ಇಂಥ ಹಳೆಯ ಪಿಸ್ತೂಲಿನಿಂದ ಸುಮಾರು ಅರ್ಧ ಗ್ರಾಮಿನ ಗುಂಡು ಸೆಕೆಂಡಿಗೆ ಹೆಚ್ಚುಕಮ್ಮಿ 100 ಮೀಟರ್ ವೇಗದಲ್ಲಿ ಹೊರಡುತ್ತದೆ. ಶಕ್ತಿ ಲೆಕ್ಕ ಹಾಕಿದರೆ ಎರಡೂವರೆ ಜೂಲ್, ಅಂದರೆ ಅರ್ಧ ಕಿಲೋ ಬೆಲ್ಲ ಅರ್ಧ ಮೀಟರ್ ಎತ್ತರದಿಂದ ಬಿದ್ದಷ್ಟು. 2016ರ ಆಯುಧ ನಿಯಮಗಳ ಪ್ರಕಾರ 20 ಜೂಲ್ ಮತ್ತು 4.5 ಮಿಲಿಮೀಟರ್ ಮೀರದ ಏರ್‌ಗನ್ನಿಗೆ ಲೈಸೆನ್ಸ್ ಬೇಡ. ಚುನಾವಣೆ ಬಂದಾಗ ಪುತ್ತೂರು, ಸುಳ್ಯದ ಕೃಷಿಕರು ಬೆಳೆ ರಕ್ಷಣೆಯ ಕೋವಿಯನ್ನು ಠಾಣೆಯಲ್ಲಿ ಇಡಬೇಕಾಗುತ್ತದೆ, ಇದು ಮಾತ್ರ ಮನೆಯಲ್ಲೇ ಉಳಿಯುತ್ತದೆ. ಅದಕ್ಕೇ ಇದನ್ನು ಆಟದ ಸಾಮಾನು ಎಂದುಕೊಳ್ಳುತ್ತಾರೆ. ಆದರೆ ಆ ಶಕ್ತಿಯೆಲ್ಲ 4.5 ಮಿಲಿಮೀಟರ್ ಅಗಲದಲ್ಲಿ ತಾಗುತ್ತದೆ. ಕಣ್ಣು ಹೋಗಲು ಅಷ್ಟು ಸಾಕು. ಮಂಗ ಬಹುಶಃ ಸಾಯುವುದಿಲ್ಲ. ಸೀಸ ಚರ್ಮದಡಿ ಉಳಿದು ಗಾಯ ಕೀವಾಗಬಹುದು. ಸಾಯುವುದಾದರೂ ನಮ್ಮ ಕಣ್ಣೆದುರು ಅಲ್ಲ.

ಅಣ್ಣ ನೋಡುತ್ತಿದ್ದವರು, "ಹಾಗಾದರೆ ಇದರಲ್ಲಿ ನಾನು ಗಾಳಿ," ಎಂದರು.

ಬಂಧುಗಳೇ, ಈ ಮಾತು ನನ್ನನ್ನು ಬಿಟ್ಟಿಲ್ಲ. ನಮ್ಮ ಹಿರಿಯರು ಎಷ್ಟು ತಲೆಮಾರು ಹೀಗೆ ಗಾಳಿಯಾಗಿದ್ದರು! ಸತ್ತ ದನ ಎಳೆಯಬೇಕು, ಆದರೆ ಎಳೆದವನೇ ಮೈಲಿಗೆ. ಎಳೆಯಲು ಹೇಳಿದವನು ಶುದ್ಧ. ಈಗ ಮಂಗನ ವಿಷಯದಲ್ಲೂ ಅದೇ ಏರ್ಪಾಡು. ಒಬ್ಬರ ಭಕ್ತಿ ಉಳಿಯಬೇಕು, ಬೆಳೆಯೂ ಉಳಿಯಬೇಕು, ಕೈ ಮಾತ್ರ ನಮ್ಮದು. ಮಂಗ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವ ಪ್ರಾಣಿ. ಅರಣ್ಯ ಇಲಾಖೆಯವರು ಬಂದರೆ ಮೊದಲು ಸಿಗುವುದೂ ಆ ಕೈಯೇ.

ಆದರೆ ಅಣ್ಣನ ಮಾತನ್ನು ಪೂರ್ತಿ ಒಪ್ಪಲೂ ಆಗುವುದಿಲ್ಲ. ಗಾಳಿಗೆ ಚೇತನ ಇಲ್ಲ, ಅಂದರೆ ಉದ್ದೇಶ ಇಲ್ಲ. ಬುದ್ಧರು ಕರ್ಮವನ್ನು ಗುರುತಿಸಿದ್ದು ಉದ್ದೇಶದಲ್ಲಿ. ಥೇರವಾದದ ಅಟ್ಠಕಥೆಗಳು ಪ್ರಾಣಹತ್ಯೆಗೆ ಐದು ಅಂಗಗಳನ್ನು ಎಣಿಸುತ್ತವೆ: ಜೀವಿ ಇರಬೇಕು, ಜೀವಿ ಎಂದು ತಿಳಿದಿರಬೇಕು, ಕೊಲ್ಲುವ ಮನಸ್ಸಿರಬೇಕು, ಪ್ರಯತ್ನ ಆಗಬೇಕು, ಅದರಿಂದ ಸಾವು ಆಗಬೇಕು. ಆ ಪ್ರಯತ್ನದಲ್ಲಿ ಸ್ವಂತ ಕೈಯಿಂದ ಮಾಡುವುದೂ ಸೇರಿದೆ, ಇನ್ನೊಬ್ಬರಿಗೆ ಹೇಳಿ ಮಾಡಿಸುವುದೂ ಸೇರಿದೆ. ಹಾಗಾಗಿ ಹೇಳಿಸಿದವರು ಶುದ್ಧರಾಗಿ ಉಳಿಯುವುದಿಲ್ಲ. ಒತ್ತಿದವನೂ ಉಳಿಯುವುದಿಲ್ಲ. ಒಂದು ತಪ್ಪನ್ನು ಇಬ್ಬರು ಹಂಚಿಕೊಂಡರೆ ಅರ್ಧರ್ಧ ಆಗುತ್ತದೆ ಎಂಬ ಲೆಕ್ಕ ಅಲ್ಲಿಲ್ಲ.

ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಅಹಿಂಸೆಯನ್ನು ಕುರುಡು ನಿಯಮವಾಗಿ ಹೇಳುವುದಿಲ್ಲ. ಕೊಲ್ಲುವ ಅಗತ್ಯ ಬೇರೆ, ಕೊಲ್ಲುವ ಇಚ್ಛೆ ಬೇರೆ ಎನ್ನುತ್ತಾರೆ. ಮಂಗದಿಂದ ಆಗುವ ನಷ್ಟ ನಿಜ, ನಾನು ಅದನ್ನು ನಗುವ ವಿಷಯ ಮಾಡುವುದಿಲ್ಲ. ಸೀಯಾಳ ಕಿತ್ತು ಬಿಸಾಡುತ್ತವೆ, ಕೊಕ್ಕೋ ಹಣ್ಣು ಒಡೆಯುತ್ತವೆ, ಎಳೆ ಅಡಿಕೆ ಚೀಪಿ ಉದುರಿಸುತ್ತವೆ. ಹಳದಿ ಎಲೆ ರೋಗದಿಂದ ತೋಟ ಕಳೆದುಕೊಂಡ ಸುಳ್ಯದ ಕಡೆಯ ಸಣ್ಣ ಕೃಷಿಕನಿಗೆ ಅದು ಹೊಟ್ಟೆಯ ಪ್ರಶ್ನೆ. ಆದರೆ ಗುಂಡು ತಾಗಿದ ಹಿಂಡು ಇನ್ನೊಂದು ಹೊತ್ತಿಗೆ ಮತ್ತೆ ಬರುತ್ತದೆ. ಗುಂಡಿನಿಂದ ಅಗತ್ಯ ಪೂರೈಸುವುದಿಲ್ಲ ಎಂದು ಗೊತ್ತಿದ್ದೂ ಹೊಡೆದರೆ, ಅಲ್ಲಿ ಉಳಿದದ್ದು ಇಚ್ಛೆ.

ಧನಿಗಳ ಇನ್ನೊಂದು ಮಾತಿಗೂ ಉತ್ತರ ಬೇಕು. 22 ಪ್ರತಿಜ್ಞೆ ತೆಗೆದುಕೊಂಡ ನಾವು ಮಂಗನಲ್ಲಿ ದೇವರನ್ನು ಕಾಣುವುದಿಲ್ಲ, ನಿಜ. ಅದೇ ಪ್ರತಿಜ್ಞೆಗಳಲ್ಲಿ ಎಲ್ಲ ಜೀವಿಗಳ ಮೇಲೆ ದಯೆ ಇಡುವ ಮಾತೂ ಇದೆ. ಮಂಗ ದೇವರಾಗಿದ್ದರೆ ಮಾತ್ರ ಅದಕ್ಕೆ ನೋವಾಗುವುದೇ? ಹಂದಿಗೆ ಹನುಮಂತನ ಹೆಸರಿಲ್ಲ, ಅದರ ನೋವೇನು ಕಡಿಮೆಯೇ?

ಇನ್ನು ನನ್ನ ಪಾಲು. ಪಿಸ್ತೂಲಿನಲ್ಲಿ ಕೆಟ್ಟದ್ದು ಪಿಸ್ಟನ್ನಿನ ಚರ್ಮದ ವಾಷರ್ ಮಾತ್ರ, ಒಣಗಿ ಬಿರುಕು ಬಿಟ್ಟಿತ್ತು. ಪಂಪಿನ ಬಕೆಟ್ ವಾಷರ್ ಕತ್ತರಿಸಿ ಎಣ್ಣೆಯಲ್ಲಿ ನೆನೆಸಿ ಹಾಕಿದರೆ ಆಯಿತು, ಅರ್ಧ ಗಂಟೆಯ ಕೆಲಸ. ಉಪಾಸಕರಿಗೆ ಸಲ್ಲದೆಂದು ಬುದ್ಧರು ಹೇಳಿದ ಐದು ವ್ಯಾಪಾರಗಳಲ್ಲಿ ಮೊದಲನೆಯದು ಆಯುಧ. (ಐದನೆಯದು ವಿಷ. ಮೈಲುತುತ್ತು ಬಿಡುವ ಪಂಪಿನಿಂದ ಊಟ ಮಾಡುವವನಿಗೆ ಅದೂ ಸ್ವಲ್ಪ ಇರಿಸುಮುರಿಸೇ.) ನಾನು ವಾಷರ್ ಹಾಕಲಿಲ್ಲ. "ರಿಪೇರಿ ಆಗುವುದಿಲ್ಲವಂತೆ ಎಂದು ಹೇಳಿಬಿಡಿ ಅಣ್ಣ, ನಿಮಗೂ ತೊಂದರೆ ಇಲ್ಲ," ಎಂದೆ.

ಅವರು ನನ್ನನ್ನೇ ನೋಡಿದರು. "ಅದು ಸುಳ್ಳಲ್ಲವಾ ತಮ್ಮಾ? ಈಗ ನೀನು ನನ್ನ ಕೈಯಲ್ಲಿ ಸುಳ್ಳು ಹೇಳಿಸುವುದಾ?"

ನಾನು ತಲೆ ತಗ್ಗಿಸಿದೆ. ಕೆಲಸ ಹೋದರೆ ಅವರ ಮನೆ ನಡೆಸುವವನು ನಾನಲ್ಲ ಎಂಬುದೂ ಆಗ ನೆನಪಾಯಿತು.

ಸೋಮವಾರ ಅವರು ಧನಿಗಳಿಗೆ ಹೇಳಿದ್ದು: "ರಿಪೇರಿ ಆಗುತ್ತದೆ, ಮಾಡಿಸಲಿಲ್ಲ. ಮಂಗ ಓಡಿಸುತ್ತೇನೆ, ಹೊಡೆಯುವುದಿಲ್ಲ." ಎರಡು ದಿನ ಧನಿಗಳು ಮಾತಾಡಲಿಲ್ಲವಂತೆ. ಮೂರನೇ ದಿನ ಒಂದು ಖಾಲಿ ತಗಡಿನ ಡಬ್ಬಿ ಕೊಟ್ಟರಂತೆ. ಅಣ್ಣ ಈಗ ಬೆಳಿಗ್ಗೆ ಆರಕ್ಕೆ ಅದನ್ನು ಬಡಿಯುತ್ತಾ ತೋಟ ಸುತ್ತುತ್ತಾರೆ, ಜೊತೆಗೆ ಒಂದು ನಾಯಿ. ಮಂಗಗಳು ಈಗಲೂ ಬರುತ್ತವೆ.

ಜೈ ಭೀಮ್.