ಹುಟ್ಟಿನೊಡನೆ ಬಂದ ಸಾಲ



ಗದಗಿಗೆ ಹತ್ತಿರದ ಕಣಗಿನಹಾಳದ ಹೆಸರನ್ನು ನೀವು ಕೇಳಿರುತ್ತೀರಿ. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಇಲ್ಲಿ ದೇಶದ ಮೊದಲ ಕೃಷಿ ಸಹಕಾರ ಸಂಘವನ್ನು ಕಟ್ಟಿದರು. ತಂದೆ ಮಾಡಿದ ಸಾಲ ಮಗನ ಹೆಗಲಿಗೆ ಬೀಳುತ್ತಿದ್ದ ಕಾಲವದು. 1904ರ ಸಹಕಾರ ಕಾನೂನಿನಂತೆ ಹಳ್ಳಿಯ ಸಂಘದ ಸಾಲಕ್ಕೆ ಸದಸ್ಯರೆಲ್ಲರೂ ಹೊಣೆ. ಒಬ್ಬನ ಭಾರಕ್ಕೆ ಹತ್ತು ಹೆಗಲು. ಇಂದು ನಾನು ಹೇಳಹೊರಟಿರುವುದು ಇನ್ನೊಂದು ಬಗೆಯ ಸಾಲದ ಮಾತು. ಅದನ್ನು ಯಾರೂ ಮಾಡಿರುವುದಿಲ್ಲ. ಹುಟ್ಟುವಾಗಲೇ ಮೈಯಲ್ಲಿ ಬರೆದು ಬಂದಿರುತ್ತದೆ.

ಈ ಸಾಲದ ಹೆಸರು ಹಂಟಿಂಗ್ಟನ್ ರೋಗ. 1872ರಲ್ಲಿ ಅಮೆರಿಕದ ವೈದ್ಯ ಜಾರ್ಜ್ ಹಂಟಿಂಗ್ಟನ್ ಇದನ್ನು ವಿವರಿಸಿ ಬರೆದರು. ಇದಕ್ಕೆ ಕಾರಣವಾದ ವಂಶವಾಹಿ ಪತ್ತೆಯಾದದ್ದು 1993ರಲ್ಲಿ. ನಮ್ಮೆಲ್ಲರ ಮಿದುಳಿನಲ್ಲೂ ಹಂಟಿಂಗ್ಟಿನ್ ಎಂಬ ಪ್ರೋಟೀನು ಇದೆ. ನರಕೋಶಗಳ ಬೆಳವಣಿಗೆಗೆ ಅದು ಬೇಕೇ ಬೇಕು. ಅದನ್ನು ತಯಾರಿಸುವ ಸೂಚನೆಯಲ್ಲಿ ಸಿ-ಎ-ಜಿ ಎಂಬ ಮೂರಕ್ಷರಗಳು ಜಪಸರದ ಮಣಿಗಳಂತೆ ಮತ್ತೆ ಮತ್ತೆ ಬರುತ್ತವೆ. ಸಾಮಾನ್ಯವಾಗಿ ಈ ಮಣಿಗಳು 26ರೊಳಗೆ ಇರುತ್ತವೆ. 40 ಅಥವಾ ಅದಕ್ಕೆ ಮೇಲಾದರೆ ಪ್ರೋಟೀನು ತಪ್ಪಾಗಿ ಮಡಚಿಕೊಂಡು ಗಂಟುಗಟ್ಟುತ್ತದೆ. ಮಿದುಳಿನ ಆಳದ ಜೀವಕೋಶಗಳು ಮೆಲ್ಲಮೆಲ್ಲನೆ ಸಾಯತೊಡಗುತ್ತವೆ.

ಹೆಚ್ಚಾಗಿ ಮೂವತ್ತರಿಂದ ಐವತ್ತರೊಳಗಿನ ವಯಸ್ಸಿನಲ್ಲಿ ರೋಗ ತಲೆದೋರುತ್ತದೆ. ಕೈಕಾಲು ತಾವಾಗಿಯೇ ಕುಣಿಯುತ್ತವೆ, ನಡಿಗೆ ತೂರಾಡುತ್ತದೆ, ಸಿಟ್ಟು ಹೆಚ್ಚುತ್ತದೆ, ವಿವೇಕ ಸೊರಗುತ್ತದೆ. ನೋಡಿದವರು ‘ಕುಡಿದಿದ್ದಾನೆ’ ಅನ್ನುತ್ತಾರೆ. ‘ದೆವ್ವ ಹೊಕ್ಕಿದೆ’, ‘ಹಿರಿಯರ ಪಾಪ’ ಅನ್ನುವವರೂ ಉಂಟು. ಹುಟ್ಟುಕುರುಡನನ್ನು ಕಂಡ ಶಿಷ್ಯರೂ ಪಾಪ ಇವನದೋ ಹೆತ್ತವರದೋ ಎಂದು ಕೇಳಿದ್ದರು. ಯಾರದೂ ಅಲ್ಲವೆಂದು ಯೇಸುಸ್ವಾಮಿ ಉತ್ತರಿಸಿದ್ದನ್ನು ಸಂತ ಯೊವಾನ್ನರ ಶುಭಸಂದೇಶದ ಒಂಬತ್ತನೆಯ ಅಧ್ಯಾಯದಲ್ಲಿ ಓದುತ್ತೇವೆ.

ಈಗ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ತಂದೆಗೆ ಈ ರೋಗವಿದೆಯೆಂದು ವೈದ್ಯರು ಹೇಳಿದ್ದಾರೆ. ಮಗನಿಗೆ ಇಪ್ಪತ್ತಾರು ವರ್ಷ, ಗಟ್ಟಿಮುಟ್ಟಾಗಿದ್ದಾನೆ, ಸಂಬಂಧ ಕೂಡಿಬಂದಿದೆ. ರೋಗದ ವಂಶವಾಹಿ ಅವನಿಗೆ ಬಂದಿರುವ ಸಂಭವ ಅರ್ಧಕ್ಕರ್ಧ. ಗಂಡಾಗಲಿ ಹೆಣ್ಣಾಗಲಿ, ಆ ತಂದೆಯ ಪ್ರತಿ ಮಗುವಿಗೂ ಅಷ್ಟೇ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ರಕ್ತಪರೀಕ್ಷೆ ಮಾಡಿಸಿದರೆ ತಿಳಿಯುತ್ತದೆ. ಆದರೆ ರೋಗವನ್ನು ಗುಣಪಡಿಸುವ ಔಷಧ ಇನ್ನೂ ಇಲ್ಲ. ಕೈಕಾಲಿನ ಕುಣಿತವನ್ನು ತಗ್ಗಿಸುವ, ಮನಸ್ಸಿನ ಬೇನೆಯನ್ನು ಹಗುರ ಮಾಡುವ ಔಷಧಗಳಷ್ಟೇ ಇವೆ. ಹೀಗಿರುವಾಗ ಅವನು ಪರೀಕ್ಷೆ ಮಾಡಿಸಿಕೊಳ್ಳಬೇಕೇ? ಹುಡುಗಿಗೆ ತಿಳಿಸಬೇಕೇ?

ಇವು ಎರಡು ಬೇರೆ ಬೇರೆ ಪ್ರಶ್ನೆಗಳು. ಮೊದಲನೆಯದಕ್ಕೆ ಉತ್ತರ ಕೊಡಬೇಕಾದವನು ಅವನೊಬ್ಬನೇ. ವಾಸಿಯಾಗದ ರೋಗ ಬರುವುದೆಂದು ಮುಂಚೆಯೇ ತಿಳಿದು ಬದುಕುವುದು ಎಲ್ಲರಿಗೂ ಆಗುವ ಮಾತಲ್ಲ. ಅದಕ್ಕಾಗಿಯೇ ಪರೀಕ್ಷೆಗೆ ಮೊದಲು ಆಪ್ತ ಸಮಾಲೋಚನೆ ನಡೆಸುತ್ತಾರೆ. ಲಕ್ಷಣವಿಲ್ಲದ ಮಕ್ಕಳಿಗೆ ಪರೀಕ್ಷೆ ಕೂಡದೆಂಬುದು ವೈದ್ಯರು ಒಪ್ಪಿರುವ ಕ್ರಮ. ತಂದೆತಾಯಿಯಾಗಲಿ, ಬೀಗರಾಗಲಿ, ಗುರುಗಳಾಗಲಿ ಅವನನ್ನು ಒತ್ತಾಯಿಸಬಾರದು.

ಎರಡನೆಯ ಪ್ರಶ್ನೆ ಅವನೊಬ್ಬನದಲ್ಲ. ತನಗೆ ರೋಗ ಬರುವುದೋ ಇಲ್ಲವೋ ಅವನಿಗೆ ಗೊತ್ತಿಲ್ಲ. ತಂದೆಗೆ ಇದೆಯೆಂಬುದು ಗೊತ್ತಿದೆ. ಬಾಳೆಲ್ಲ ಅವನೊಡನೆ ನಡೆಯುವವಳಿಗೆ, ಅವನ ಮಕ್ಕಳನ್ನು ಹೆರುವವಳಿಗೆ ಅಷ್ಟನ್ನು ಅರಿಯುವ ಹಕ್ಕಿದೆ. ತಿಳಿಯದೆ ಕೊಟ್ಟ ಒಪ್ಪಿಗೆ ಎಂಥ ಒಪ್ಪಿಗೆ? ದಾಂಪತ್ಯವನ್ನು ತೀವ್ರವಾಗಿ ಕದಡಬಲ್ಲ ಸಂಗತಿಯೊಂದರಲ್ಲಿ, ಒಪ್ಪಿಗೆ ಪಡೆಯಲೆಂದೇ ಮೋಸ ಮಾಡಿದರೆ ಆ ವಿವಾಹ ಅಸಿಂಧುವೆಂದು 1983ರ ಧರ್ಮಸಭೆಯ ಕಾನೂನು ಸಂಹಿತೆಯ 1098ನೆಯ ವಿಧಿ ಹೇಳುತ್ತದೆ. ಪ್ರತಿಯೊಂದು ಮೌನವೂ ಅಂಥ ಮೋಸವೆಂದು ನಾನು ಹೇಳಲಾರೆ. ಅದು ಧರ್ಮಸಭೆಯ ನ್ಯಾಯಪೀಠ ತೀರ್ಮಾನಿಸುವ ವಿಷಯ. ಆದರೆ ನಮ್ಮ ಮನಸ್ಸಾಕ್ಷಿ ಆ ತೀರ್ಪಿಗಾಗಿ ಕಾಯಬೇಕಿಲ್ಲ.

‘ಹೇಳಿದರೆ ಅವನ ತಂಗಿಯರ ಮದುವೆಯೂ ನಿಂತುಹೋಗುತ್ತದಲ್ಲ, ಫಾದರ್?’ ಎಂದು ನೀವು ಕೇಳಬಹುದು. ಇದು ಹೆತ್ತ ತಾಯಿಯ ಸಂಕಟ. ಇದಕ್ಕೆ ಸುಲಭದ ಉತ್ತರ ನನ್ನಲ್ಲಿಲ್ಲ. ಹುಡುಗಿಗೂ ಅವಳ ತಂದೆತಾಯಿಗೂ ಏಕಾಂತದಲ್ಲಿ ಹೇಳಿದರೆ ಸಾಕು, ಊರಿಗೆ ಡಂಗುರ ಸಾರಬೇಕಿಲ್ಲ. ಕೇಳಿದವರು ಬೇಡವೆನ್ನಬಹುದು, ಆ ಸ್ವಾತಂತ್ರ್ಯ ಅವರಿಗಿದೆ. ಕೇಳಿದ್ದನ್ನು ನಾಲ್ಕು ಜನರ ಬಾಯಿಗೆ ಹಾಕುವ ಸ್ವಾತಂತ್ರ್ಯ ಅವರಿಗಿಲ್ಲ. ನಿಜ ಹೇಳಿದವನ ಮನೆಯನ್ನು ನಾವು ದೂರವಿಟ್ಟರೆ, ಮುಂದಿನವನಿಗೆ ಮುಚ್ಚಿಡುವುದನ್ನು ಕಲಿಸಿದವರು ನಾವೇ. ಆ ತಪ್ಪಿನಲ್ಲಿ ನಮಗೂ ಪಾಲಿದೆ.

2017ರ ಮೇ 18ರಂದು ಜಗದ್ಗುರು ಫ್ರಾನ್ಸಿಸ್‌ರವರು ಈ ರೋಗವಿರುವ ಕುಟುಂಬಗಳನ್ನು ವ್ಯಾಟಿಕನ್ನಿಗೆ ಬರಮಾಡಿಕೊಂಡಿದ್ದರು. ವೆನೆಜುವೆಲಾ ದೇಶದವರೂ ಬಂದಿದ್ದರು. ಆ ದೇಶದ ಮರಕೈಬೋ ಸರೋವರದ ದಡದ ಬಡಜನರು ಕೊಟ್ಟ ರಕ್ತದಿಂದಲೇ ಈ ವಂಶವಾಹಿಯನ್ನು ಹುಡುಕಲು ಸಾಧ್ಯವಾಗಿತ್ತು. ಇವರು ಇನ್ನು ಮರೆಯಲ್ಲಿ ಬದುಕಬೇಕಾಗಿಲ್ಲ ಎಂಬುದೇ ಆ ಸಭೆಯ ಸಾರ.

ಕಣಗಿನಹಾಳದ ರೈತರು ಸಾಲವನ್ನು ಮಾಯ ಮಾಡಲಿಲ್ಲ, ಹೊಣೆಯನ್ನು ಹಂಚಿಕೊಂಡರು. ನಮ್ಮ ಧರ್ಮಕೇಂದ್ರದಲ್ಲಿ ಇಂಥ ಮನೆಯೊಂದಿದ್ದರೆ ನಾವು ಮಾಡಬಹುದಾದದ್ದು ಬಹಳವಿದೆ. ರೋಗಿಗೆ ನಿಧಾನವಾಗಿ ಊಟ ಮಾಡಿಸಬಹುದು. ಬೆಂಗಳೂರಿಗೆ ಹೋಗುವಾಗ ಜೊತೆಗೆ ಹೋಗಬಹುದು. ಹಗಲಿರುಳು ನೋಡಿಕೊಳ್ಳುವ ಹೆಂಡತಿಗೆ ಒಂದು ಮಧ್ಯಾಹ್ನದ ವಿಶ್ರಾಂತಿ ಕೊಡಬಹುದು. ಆ ಮನೆಯ ಬಾಗಿಲಿಗೆ ಈ ಭಾನುವಾರ ನೀವು ಹೋಗಿ ಬಂದರೆ, ಒಳಗಿರುವ ಆ ಮಗನಿಗೆ ನಿಜ ಹೇಳುವ ಧೈರ್ಯ ಬಂದೀತು.