ತಪ್ಪಾಯ್ತು ಅನ್ನುವ ಮುಂಚೆ

ನಮ್ಮ ಗೆಳೆಯನೊಬ್ಬ ತರಕಾರಿ ಟೆಂಪೋ ಓಡಿಸುತ್ತಾನೆ. ಹೋದ ವರ್ಷ ಅವನಿಗೊಂದು ನೋಟೀಸು ಬಂತು. ಗಾಡಿ ಓಡಿಸುವಾಗ ಮೊಬೈಲು ಬಳಸಿದ್ದೀಯ, ದಂಡ ಕಟ್ಟು ಅಂತ. ಜೊತೆಗೆ ಹೆದ್ದಾರಿಯ ಕ್ಯಾಮೆರಾ ತೆಗೆದ ಫೋಟೋ. ಫೋಟೋದಲ್ಲಿ ಅವನ ಕೈ ಕೆನ್ನೆಯ ಮೇಲಿದೆ. ಅವತ್ತು ಅವನಿಗೆ ದವಡೆ ಹಲ್ಲು ನೋವು. ಲವಂಗ ಕಚ್ಚಿಕೊಂಡು, ಟವಲು ಮಡಿಸಿ ಕೆನ್ನೆಗೊತ್ತಿಕೊಂಡು ಮಾರ್ಕೆಟ್ಟಿಗೆ ಹೊರಟಿದ್ದ. ಫೋನು ಪಕ್ಕದ ಸೀಟಿನ ಮೇಲಿತ್ತು.

ಅವನ ತಾಯಿ, "ಕಟ್ಬುಡು ಮಗ, ನಮ್ಗ್ಯಾಕೆ ಕೋರ್ಟು ಕಚೇರಿ. ತಪ್ಪಾಯ್ತು ಅಂದ್ಬುಟ್ರೆ ಮುಗೀತು" ಅಂದರು.

ಈ ಮಾತೇ ನಮ್ಮನ್ನು ಕೆದಕಿದ್ದು. ನಮ್ಮ ತಾತಂದಿರು "ತಪ್ಪಾಯ್ತು ಬುದ್ಧಿ" ಅಂದೇ ಬದುಕಿದವರು. ಯಾರದೋ ದನ ಯಾರದೋ ಗದ್ದೆಗೆ ನುಗ್ಗಿದರೂ ತಪ್ಪಾಯ್ತು. ಕರೆ ಬಂದ ಗಳಿಗೆಗೆ ಓಡಿಹೋಗದಿದ್ದರೂ ತಪ್ಪಾಯ್ತು. ಅದು ಊರಿನಲ್ಲಿ ಉಳಿಯುವುದಕ್ಕೆ ಅವರು ಕೊಟ್ಟ ಕಂದಾಯ. ಹಾಗಾದರೆ ಮಾಡದ ತಪ್ಪಿಗೆ ಇವತ್ತು ದಂಡ ಕಟ್ಟಿ ಕೈತೊಳೆದುಕೊಳ್ಳುವುದು ಏನು? ಬರೀ ದುಡ್ಡಿನ ಲೆಕ್ಕವೋ, ಅದೇ ಹಳೆಯ ಕಂದಾಯವೋ?

ದುಡ್ಡಿನ ಲೆಕ್ಕ ಸುಳ್ಳಲ್ಲ. ಕೋರ್ಟಿಗೆ ಎರಡು ದಿನ ಅಲೆದರೆ ಎರಡು ದಿನದ ಬಾಡಿಗೆ ಹೋಯಿತು. ಕಾರಿದ್ದವನು ವಕೀಲನನ್ನು ಕಳಿಸಿ ಮನೆಯಲ್ಲಿ ಕೂತಿರುತ್ತಾನೆ. 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಾಗ ಜನ ಮುಗಿಬಿದ್ದರು, ಕೆಲವೇ ದಿನಗಳಲ್ಲಿ 100 ಕೋಟಿ ರೂಪಾಯಿಗೂ ಹೆಚ್ಚು ಬಂತು. ಅದರಲ್ಲಿ ತಪ್ಪು ಮಾಡದೆ ಕಟ್ಟಿದವರು ಎಷ್ಟು ಜನವೋ. ಅರ್ಧಕ್ಕೆ ಮುಗಿಯುತ್ತಲ್ಲ ಅಂತ ಸುಮ್ಮನಾದವರು ನಮ್ಮ ಕೇರಿಯಲ್ಲೇ ಇದ್ದಾರೆ.

ಆದರೆ ಕಾಯಿದೆ ಏನು ಹೇಳುತ್ತದೆ ಅಂತ ನಾವು ಕೂತು ಓದಿದೆವು. 1988ರ ಮೋಟಾರು ವಾಹನ ಕಾಯಿದೆಯ 184ನೇ ಕಲಮು, 2019ರಲ್ಲಿ ತಿದ್ದಿದ್ದು. ಕೈಯಲ್ಲಿ ಫೋನು ಹಿಡಿದು ಬಳಸುತ್ತಾ ಅಪಾಯ ತರುವಂತೆ ಓಡಿಸಿದರೆ ಮೊದಲ ಸಲಕ್ಕೆ ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲು, ಇಲ್ಲವೇ 1,000ದಿಂದ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ದಾರಿ ನೋಡಿಕೊಳ್ಳುವುದಕ್ಕೆ ಮಾತ್ರ, ಗಮನ ಕೆಡದ ಹಾಗೆ, ಫೋನು ಬಳಸಬಹುದು ಅಂತ 2020ರಲ್ಲಿ ನಿಯಮ ಬಂತು. ಕ್ಯಾಮೆರಾ ಹಿಡಿದ ಕೇಸಿಗೆ 2021ರ ನಿಯಮ: ತಪ್ಪು ಮತ್ತು ನಂಬರ್ ಪ್ಲೇಟು ಎರಡೂ ಸ್ಪಷ್ಟವಾಗಿ ಕಾಣುವ ಫೋಟೋ ಇರಬೇಕು, ದಿನ, ಹೊತ್ತು, ಜಾಗ ಬರೆದಿರಬೇಕು. ಕೈ ಕಂಡರೆ ಸಾಕೇ? ಕೈಯಲ್ಲಿ ಫೋನು ಕಾಣಬೇಡವೇ? ಒಪ್ಪದಿದ್ದವನು ಕೋರ್ಟಿನಲ್ಲಿ ತಕರಾರು ಎತ್ತಬಹುದು. ಸಾಬೀತು ಮಾಡುವ ಹೊಣೆ ದೂರು ಹಾಕಿದವರದ್ದು.

ಇನ್ನೊಂದು ಸಂಗತಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ 12ನೇ ಕಲಮಿನ ಪ್ರಕಾರ ಪರಿಶಿಷ್ಟ ಜಾತಿ, ಪಂಗಡದವರಿಗೆ ಮತ್ತು ಹೆಂಗಸರಿಗೆ ವರಮಾನ ಎಷ್ಟೇ ಇರಲಿ, ವಕೀಲರ ನೆರವು ಪುಕ್ಕಟೆ. ತಾಲ್ಲೂಕು ಸಮಿತಿಗೆ ಅರ್ಜಿ ಕೊಡಬೇಕು. ನಾವು ಡಿಗ್ರಿ ಮಾಡಿದವರು, ಸ್ಕಾಲರ್‌ಶಿಪ್ಪಿಗೆ ಅಂತ ಜಾತಿ ಪ್ರಮಾಣಪತ್ರದ ಜೆರಾಕ್ಸು ಎಷ್ಟು ಮಾಡಿಸಿದ್ದೆವೋ, ಅದೇ ಕಾಗದಕ್ಕೆ ವಕೀಲರೂ ಸಿಗುತ್ತಾರೆ ಅಂತ ನಮಗೇ ಗೊತ್ತಿರಲಿಲ್ಲ. ನಾಚಿಕೆಯಾಯಿತು.

ಇಷ್ಟಕ್ಕೇ ಮುಗಿದಿದ್ದರೆ ಬರೆಯುವುದು ಸುಲಭವಿತ್ತು. ಎಲ್ಲರಿಗಿಂತ ಜೋರಾಗಿ "ಕೋರ್ಟಲ್ಲೇ ನೋಡ್ಕೊಳಾಣ" ಅಂದವನು, ಕೊನೆಗೆ ತನಗೂ ನೋಟೀಸು ಬಂದಿದೆ ಅಂದ. ಅವನು ಬೈಕಿನಲ್ಲಿ ಫೋನು ಹಿಡಿದು ಮಾತಾಡಿದ್ದು ನಿಜ. "ಸಾಕ್ಷಿ ಹೇಳಕ್ಕೆ ಯಾರ್ ಬತ್ತಾರೆ, ಕೇಸ್ ಬಿದ್ದೋಯ್ತದೆ, ನಾನೂ ತಕರಾರು ಹಾಕ್ತೀನಿ" ಅಂತ ಅವನ ವಾದ.

ಅವತ್ತು ರಾತ್ರಿ ಜಗಳವೇ ಆಯಿತು. ಬೆಳಗಿನ ಜಾವ ಐದು ಗಂಟೆಗೆ ರಸ್ತೆಯಲ್ಲಿ ಇರುವವರು ಯಾರು? ನಮ್ಮಲ್ಲೇ ಒಬ್ಬನ ಚಿಕ್ಕಮ್ಮ ಪೌರಕಾರ್ಮಿಕರು. ಕುತ್ತಿಗೆ ವಾಲಿಸಿಕೊಂಡು ಮಾತಾಡುತ್ತಾ ಬರುವ ಬೈಕು ಅವರ ಪೊರಕೆಯನ್ನು ಸವರಿಕೊಂಡು ಹೋಗಿದೆ. ಆ ಬೈಕಿನವನು ಕೋರ್ಟಿನಲ್ಲಿ ನಿಂತು "ನಾನಲ್ಲ" ಅಂದರೆ ಅದಕ್ಕೂ ಸ್ವಾಭಿಮಾನ ಅನ್ನಬೇಕೇ?

ಅವನು ಬಿಡಲಿಲ್ಲ. "ದೊಡ್ಡೋರ ಗಾಡಿ ಹಿಡೀತಾರಾ? ನಾನೊಬ್ನೇ ಹರಿಶ್ಚಂದ್ರ ಆಗ್ಬೇಕಾ?" ಈ ಪ್ರಶ್ನೆ ಸಣ್ಣದಲ್ಲ. ಆರ್ಡರು ತಪ್ಪೀತೆಂದು ಓಡುತ್ತಲೇ ಫೋನು ನೋಡುವ ಡೆಲಿವರಿ ಹುಡುಗನ ಕೈಯನ್ನು ಕ್ಯಾಮೆರಾ ಹಿಡಿಯುತ್ತದೆ. ಆ ಫೋನನ್ನು ಬಡಿದುಕೊಳ್ಳುವಂತೆ ಮಾಡಿದ ಕಂಪನಿಗೆ ನೋಟೀಸಿಲ್ಲ. ನ್ಯಾಯ ಎಲ್ಲರಿಗೂ ಒಂದೇ ಅಂತ ನಾವು ಅವನಿಗೆ ಹೇಳಲಾರೆವು, ಹೇಳಿದರೆ ಸುಳ್ಳು. ಆದರೆ ಸರ್ಕಾರ ನಮಗೆ ಮಾಡಿದ ಮೋಸದ ಬಾಕಿಯನ್ನು ಚಿಕ್ಕಮ್ಮನಿಂದ ವಸೂಲು ಮಾಡುವುದು ಹೇಗೆ? ಅವರೇನು ಸರ್ಕಾರವೇ?

ಅವನು ಒಂದು ವಾರ ನಮ್ಮ ಜೊತೆ ಮಾತು ಬಿಟ್ಟ. ಆಮೇಲೆ ಹೋಗಿ ದಂಡ ಕಟ್ಟಿ ಬಂದ. ನಮಗೆ ಹೇಳಲಿಲ್ಲ, ರಸೀದಿ ಅವನ ಜೇಬಿನಿಂದ ಬಿದ್ದಾಗ ಗೊತ್ತಾಯಿತು.

ಟೆಂಪೋ ಗೆಳೆಯ ತಕರಾರು ಹಾಕಿದ. ತಾಲ್ಲೂಕು ಸಮಿತಿಯಿಂದ ವಕೀಲರು ಸಿಕ್ಕಿದ್ದಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಹಲ್ಲು ಕೀಳಿಸಿದ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡಿದ್ದಾನೆ. ಎರಡು ಸಲ ಹೋಗಿಬಂದ, ಎರಡು ದಿನದ ಬಾಡಿಗೆ ಹೋಯಿತು. ತಾಯಿ ಬಾಗಿಲಲ್ಲೇ ಕೇಳುತ್ತಾರೆ, "ಮುಗೀತೇನ್ಲಾ ಮಗ?"

"ಇಲ್ಲ ಕಣವ್ವ, ಇನ್ನೊಂದ್ ಡೇಟ್ ಕೊಟ್ಟವ್ರೆ."