ಒಡೆದ ಮುಖ, ತಾಮ್ರದ ಮುಖವಾಡ

ಒಂದು ಪ್ರಶ್ನೆ. ಗಾಯಗೊಂಡ ಮುಖವನ್ನು ಮುಚ್ಚಿಕೊಳ್ಳೋದು ಸುಳ್ಳಾ?

ಮೊದಲನೇ ಮಹಾಯುದ್ಧದಲ್ಲಿ ಮೂಗು, ದವಡೆ ಕಳೆದುಕೊಂಡ ಸೈನಿಕರಿಗೆ ಅನ್ನಾ ಕೋಲ್ಮನ್ ಲ್ಯಾಡ್ ಎಂಬ ಅಮೆರಿಕದ ಶಿಲ್ಪಿ 1918ರಲ್ಲಿ ಪ್ಯಾರಿಸ್‌ನಲ್ಲಿ ಮುಖವಾಡ ಮಾಡಿಕೊಟ್ಟರು. ತೆಳ್ಳನೆಯ ತಾಮ್ರ, ಮೇಲೆ ಅವರವರ ಚರ್ಮದ ಬಣ್ಣ. ಕನ್ನಡಕದ ಕಡ್ಡಿಯೇ ಆಧಾರ. ಆ ಮುಖ ನಗ್ತಿರಲಿಲ್ಲ. ಆದರೂ ಅದನ್ನು ಹಾಕ್ಕೊಂಡು ಅವರು ಬೀದಿಗೆ ಇಳಿದರು. ಕಾಲು ಮುರಿದವನ ಊರುಗೋಲು ಸುಳ್ಳಾ? ಇಲ್ಲ. ಇದೂ ಅಲ್ಲ.

ಆದರೆ ಅವರನ್ನು ಮನೆಯೊಳಗೆ ಕೂರಿಸಿದ್ದು ಗಾಯವಾ, ನೋಡುವವರ ಕಣ್ಣಾ?

ಈಗ ಸಿಲಿಕೋನ್ ಮೂಗು, ಕಿವಿ ಬಂದಿವೆ. ದೇವರಿಗೆ ಸ್ತೋತ್ರ. ಹಾಕಿಕೊಂಡವರಿಗೆ ನಂಬಿಕೆ ಸಾಲದು ಅನ್ನಬೇಡಿ. ಅವರು ಅದನ್ನು ತೆಗೆದಿಟ್ಟು ಊಟಕ್ಕೆ ಕೂತ ದಿನ ಎದುರಲ್ಲೇ ಕೂರಿ, ಮುಖ ನೋಡಿ ಮಾತಾಡಿ. ನಮ್ಮ ಕಣ್ಣಿಗೂ ಸ್ವಸ್ಥತೆ ಬೇಕು.